ಗೆಲ್ಲುತ್ತಿರುವಾಗಲೇ ಎದ್ದುಹೋಗುವುದು

ಕ್ರಿಸ್ ಫರ್ಗುಸನ್ 2006ರಲ್ಲಿ ಒಂದು ವಿಚಿತ್ರ ವ್ರತ ಹಿಡಿದ. ಇಸ್ಪೀಟೆಲೆಯ ಪೋಕರ್ ಆಟದ ಆನ್‌ಲೈನ್ ಖಾತೆಗೆ ಕೈಯಿಂದ ಒಂದು ಸೆಂಟನ್ನೂ ಹಾಕಬಾರದು. ಸೊನ್ನೆಯಿಂದ ಶುರುಮಾಡಿ ಅದನ್ನು ಹತ್ತು ಸಾವಿರ ಡಾಲರ್ ಮಾಡಬೇಕು. ದುಡ್ಡಿಗೆ ಗತಿಯಿಲ್ಲದವನೇನೂ ಅಲ್ಲ ಅವನು. ಆರು ವರ್ಷ ಹಿಂದೆ, 2000ದಲ್ಲಿ, ಲಾಸ್ ವೇಗಸ್‌ನಲ್ಲಿ ನಡೆಯುವ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯ ಗೆದ್ದು 15 ಲಕ್ಷ ಡಾಲರ್ ಎಣಿಸಿಕೊಂಡಿದ್ದ. ಕಂಪ್ಯೂಟರ್ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡಿದವನು. ಉದ್ದ ಕೂದಲು, ಗಡ್ಡ, ಅಗಲ ಅಂಚಿನ ಹ್ಯಾಟು. ಜೊತೆಯ ಆಟಗಾರರು ‘ಜೀಸಸ್’ ಎಂದೇ ಕರೆಯುತ್ತಿದ್ದರು. ಇಂಥವನು ಪ್ರವೇಶಶುಲ್ಕವಿಲ್ಲದ ಫ್ರೀರೋಲ್ ಪಂದ್ಯಗಳಲ್ಲಿ ಗಂಟೆಗಟ್ಟಲೆ ಕುಳಿತು ಎರಡು ಡಾಲರ್ ಬಹುಮಾನಕ್ಕಾಗಿ ಬಡಿದಾಡಿದ. ಬಂದದ್ದು ಹೋಯಿತು, ಮತ್ತೆ ಫ್ರೀರೋಲ್. ಆ ಮೊದಲ ಕೆಲವು ಡಾಲರ್ ಕೈಯಲ್ಲಿ ನಿಲ್ಲುವುದಕ್ಕೇ ತಿಂಗಳುಗಳು ಹಿಡಿದವು. ಗುರಿ ಮುಟ್ಟುವ ಹೊತ್ತಿಗೆ ಹತ್ತಿರ ಹತ್ತಿರ ಒಂದೂವರೆ ವರ್ಷ ಕಳೆದಿತ್ತು.

ಅವನು ತನಗೆ ತಾನೇ ಹಾಕಿಕೊಂಡ ಕಟ್ಟುಪಾಡು ಮೂರು. ನೇರ ದುಡ್ಡಿಟ್ಟು ಆಡಿ ಬೇಕಾದಾಗ ಏಳಬಹುದಾದ ನಗದು ಮೇಜಿಗಾಗಲಿ, ಒಂದೇ ಮೇಜಿನ ಸಣ್ಣ ಪಂದ್ಯಕ್ಕಾಗಲಿ ಕೂರುವಾಗ ಒಟ್ಟು ದುಡ್ಡಿನ ಶೇ 5ಕ್ಕಿಂತ ಹೆಚ್ಚು ಒಯ್ಯುವಂತಿಲ್ಲ. ನೂರಾರು ಜನ ಆಡುವ ದೊಡ್ಡ ಪಂದ್ಯಗಳಿಗೆ ಶೇ 2 ಮಾತ್ರ. ನಗದು ಮೇಜಿನಲ್ಲಿ ಆಡುತ್ತಾ ಆಡುತ್ತಾ ಎದುರಿಗಿರುವ ರಾಶಿ ಒಟ್ಟು ದುಡ್ಡಿನ ಶೇ 10 ದಾಟಿತೋ, ಮುಂದಿನ ಬ್ಲೈಂಡ್, ಅಂದರೆ ಎಲೆ ಹಂಚುವ ಮೊದಲೇ ಸರದಿಯಂತೆ ಇಡಲೇಬೇಕಾದ ಪಣ, ಕಟ್ಟುವ ಸರದಿ ಬಂದೊಡನೆ ಎದ್ದುಹೋಗಬೇಕು. ತೀರಾ ಕೆಳಗಿನ ಹಂತದಲ್ಲಿ ಸ್ವಲ್ಪ ರಿಯಾಯಿತಿ ಇತ್ತು: ಎರಡೂವರೆ ಡಾಲರ್‌ವರೆಗಿನ ಮೇಜಿಗೆ, ಒಂದು ಡಾಲರ್‌ವರೆಗಿನ ಪಂದ್ಯಕ್ಕೆ ಈ ಲೆಕ್ಕ ನೋಡಬೇಕಿರಲಿಲ್ಲ. ದುಡ್ಡು ಕರಗಿದರೆ ಕೆಳಗಿನ ಮೇಜಿಗೆ ಇಳಿಯಬೇಕು. ಅದರಲ್ಲಿ ಮಾನ ಅವಮಾನದ ಮಾತಿಲ್ಲ.

ಆಟಕ್ಕೆಂದೇ ಹೀಗೆ ಬೇರೆ ತೆಗೆದಿಟ್ಟ ದುಡ್ಡನ್ನು ಆಡುವವರು ಬ್ಯಾಂಕ್‌ರೋಲ್ ಎನ್ನುತ್ತಾರೆ. ಮನೆ ಬಾಡಿಗೆ, ಶಾಲೆಯ ಶುಲ್ಕ, ಅಮ್ಮನ ಔಷಧಿಯ ಖರ್ಚು ಯಾವುದೂ ಅದರೊಳಗೆ ಬರುವುದಿಲ್ಲ. ಕೆಲವು ವರ್ಷ ನಾನೂ ಈ ಕಟ್ಟುಪಾಡನ್ನು ರೂಪಾಯಿಯ ಲೆಕ್ಕದಲ್ಲಿ ಪಾಲಿಸಿದ್ದೇನೆ. ಒಂದು ರೂಪಾಯಿ, ಎರಡು ರೂಪಾಯಿ ಬ್ಲೈಂಡಿನ ಮೇಜುಗಳು, ಇನ್ನೂರು ರೂಪಾಯಿಯ ಬೈ-ಇನ್ (ಮೇಜಿಗೆ ಕೂರುವಾಗ ಒಯ್ಯುವ ಮೊತ್ತ), ಪಕ್ಕದಲ್ಲೊಂದು ಎಕ್ಸೆಲ್ ಹಾಳೆ. ಶಿಸ್ತಿನ ಬಗ್ಗೆ ನನಗೆ ಪ್ರೀತಿ ಹುಟ್ಟಿದ್ದು ಅಲ್ಲಿಯೇ, ಅನುಮಾನ ಹುಟ್ಟಿದ್ದೂ ಅಲ್ಲಿಯೇ.

ಮೊದಲು ಪ್ರೀತಿಯ ಮಾತು.

ಶೇ 5, ಶೇ 2 ಎಂಬುದರಲ್ಲಿ ಹೊಸತೇನಿಲ್ಲ. ಬುದ್ಧಿಯಿರುವ ಯಾವ ಕಿರಾಣಿ ಅಂಗಡಿಯವನೂ ಇದ್ದಬದ್ದ ಬಂಡವಾಳವನ್ನೆಲ್ಲ ಒಂದೇ ಸರಕಿಗೆ ಸುರಿಯುವುದಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮೂರನೆಯ ನಿಯಮ. ನೂರು ಡಾಲರ್ ಇರುವವನು ಐದು ಡಾಲರ್ ತೆಗೆದುಕೊಂಡು ಎರಡು–ಐದು ಸೆಂಟಿನ ಮೇಜಿಗೆ ಕೂರುತ್ತಾನೆ ಎನ್ನಿ. ಅದೃಷ್ಟವೋ ಆಟವೋ, ಒಂದು ಗಂಟೆಯಲ್ಲಿ ಎದುರಿಗೆ ಹನ್ನೊಂದು ಡಾಲರ್ ಸೇರಿದೆ. ಎಲೆ ಒಲಿಯುತ್ತಿದೆ, ಎದುರಾಳಿಗಳು ಕೈಕೈ ಹಿಸುಕಿಕೊಳ್ಳುತ್ತಿದ್ದಾರೆ, ಮೇಜು ತನ್ನ ಹಿಡಿತದಲ್ಲಿದೆ. ನಿಯಮ ಹೇಳುತ್ತದೆ: ಈಗ ಏಳು.

ಯಾಕೆಂದರೆ ಪಣಕ್ಕೆ ಮಿತಿಯಿಲ್ಲದ ನೋ-ಲಿಮಿಟ್ ಆಟದಲ್ಲಿ ಎದುರಿಗಿರುವುದೆಲ್ಲ ಒಂದೇ ಹ್ಯಾಂಡಿನಲ್ಲಿ, ಎಲೆ ಹಂಚಿದ ಒಂದೇ ಸುತ್ತಿನಲ್ಲಿ, ಹೋಗಬಹುದು. ಅಷ್ಟೇ ರಾಶಿಯಿರುವ ಇನ್ನೊಬ್ಬ ಮೇಜಿನಲ್ಲಿದ್ದರೆ ಅವನು ಕಸಿಯಬಹುದಾದದ್ದು ಕೂರುವಾಗ ತಂದ ಐದಲ್ಲ, ಪೂರಾ ಹನ್ನೊಂದು. ಕೂತವನ ಮನಸ್ಸಿನಲ್ಲಿ ಮಾತ್ರ ಐದು ತನ್ನದು, ಮಿಕ್ಕ ಆರು ‘ಗೆದ್ದದ್ದು’. ಗೆದ್ದದ್ದು ಹೋದರೆ ಹೋಗಲಿ ಎಂಬ ಧಾರಾಳ ಹುಟ್ಟುವುದು ಆ ಆರರಿಂದ. ಫರ್ಗುಸನ್‌ನ ನಿಯಮ ಈ ಎರಡು ಖಾತೆಗಳನ್ನು ಒಪ್ಪುವುದೇ ಇಲ್ಲ. ಪಾಟ್, ಅಂದರೆ ಎಲ್ಲರೂ ಕಟ್ಟಿ ನಡುವೆ ಸೇರಿದ ದುಡ್ಡು, ನಿನ್ನ ಕಡೆ ಸರಿದ ಕ್ಷಣದಿಂದ ಅದೂ ನಿನ್ನ ಬಂಡವಾಳವೇ.

ಇದು ನಮ್ಮ ಕಡೆಯ ಇಸ್ಪೀಟಿನ ಮರ್ಯಾದೆಗೆ ಪೂರ್ತಿ ವಿರುದ್ಧ. ನಮ್ಮ ಮನೆಯಲ್ಲಿ ದೀಪಾವಳಿಯ ರಾತ್ರಿ ಜಮಖಾನ ಹಾಸಿ ಎಲೆ ಹಾಕುವ ರೂಢಿಯಿತ್ತು. ರಮ್ಮಿಯಿಂದ ಶುರುವಾಗಿ, ಹೆಂಗಸರು ಮಕ್ಕಳು ಮಲಗಿದ ಮೇಲೆ ಅಂದರ್ ಬಾಹರ್‌ಗೆ ತಿರುಗುತ್ತಿತ್ತು. ನಾಣ್ಯ, ಹತ್ತರ ನೋಟು, ಯಾರಾದರೂ ಜೋರು ಮಾಡಿದರೆ ಐವತ್ತರ ನೋಟು. ಅಲ್ಲಿ ಸೋತವನು ‘ನಿದ್ದೆ ಬಂತು’ ಎಂದು ಎದ್ದರೆ ಯಾರೂ ತಡೆಯುತ್ತಿರಲಿಲ್ಲ. ಗೆದ್ದವನು ಎದ್ದನೋ, ಚಿಕ್ಕಪ್ಪ ಅವನ ಅಂಗಿಯ ತುದಿ ಹಿಡಿದು ಎಳೆಯುತ್ತಿದ್ದರು: “ಗೆದ್ದದ್ದನ್ನು ಜೇಬಿಗೆ ಇಳಿಸಿಕೊಂಡು ಹೋಗುವುದು ಯಾವ ಊರಿನ ನ್ಯಾಯವಯ್ಯ? ಕೂತುಕೋ.” ಅವನು ಕೂರುತ್ತಿದ್ದ. ಬೆಳಗಾಗುವಷ್ಟರಲ್ಲಿ ದುಡ್ಡು ಸುಮಾರಾಗಿ ಎಲ್ಲರಿಗೂ ಹಂಚಿಹೋಗಿರುತ್ತಿತ್ತು. ನೆಂಟರ ನಡುವೆ ಅದು ಒಳ್ಳೆಯ ನ್ಯಾಯವೇ. ಜೂಜಿನ ಬಗ್ಗೆ ಕನ್ನಡದಲ್ಲಿ ಬರೆದು ಧರ್ಮರಾಯನನ್ನು ಕರೆಯದಿದ್ದರೆ ಓದುಗರು ಮುನಿಸಿಕೊಳ್ಳಬಹುದು. ಆದರೆ ಅವನ ಕಷ್ಟ ಬೇರೆ. ಅವನು ಸೋಲುತ್ತಿರುವಾಗ ಏಳಲಾರದವನು. ಗೆಲ್ಲುತ್ತಿರುವಾಗ ಏಳುವ ವಿದ್ಯೆಯ ಬಗ್ಗೆ ನಮ್ಮ ಕಥೆಗಳು ಅಷ್ಟಾಗಿ ತಲೆ ಕೆಡಿಸಿಕೊಂಡಿಲ್ಲ.

ಆನ್‌ಲೈನ್ ಮೇಜಿನಲ್ಲಿ ಅಂಗಿ ಹಿಡಿದು ಎಳೆಯುವವರಿಲ್ಲ. ಒಂದು ಗುಂಡಿ ಒತ್ತಿದರೆ ಆಯಿತು. ಆದರೂ ಏಳುವುದು ಕಷ್ಟ. ಬೇರೆಯವರ ದಾಕ್ಷಿಣ್ಯ ಇಲ್ಲದಿರುವಾಗಲೂ ಕೈ ಆ ಗುಂಡಿಯ ಮೇಲೆ ತಡವರಿಸುತ್ತದೆ ಎಂದ ಮೇಲೆ, ಚಿಕ್ಕಪ್ಪನದು ಬರೀ ನೆಪವಾಗಿತ್ತು ಅನ್ನಿಸುತ್ತದೆ.

ಇಷ್ಟೊಂದು ಎಚ್ಚರಿಕೆ ಯಾಕೆ ಬೇಕು ಎಂಬುದಕ್ಕೆ ಫರ್ಗುಸನ್‌ನದೇ ಜೀವನದ ಒಂದು ಹ್ಯಾಂಡ್ ಸಾಕ್ಷಿ. 2000ದ ಆ ಮುಖ್ಯ ಪಂದ್ಯಕ್ಕೆ 512 ಜನ ಕೂತಿದ್ದರು. ಕೊನೆಗೆ ಇಬ್ಬರು ಉಳಿದರು: ಇವನು ಮತ್ತು ಟಿ.ಜೆ. ಕ್ಲೌಟಿಯರ್ ಎಂಬ ಹಳೆಯ ಹುಲಿ. ಈ ಆಟದಲ್ಲಿ ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ; ಏಳರಲ್ಲಿ ಹೆಚ್ಚು ಬೆಲೆಯ ಐದು ಕೂಡಿದವನು ಗೆದ್ದ. ಕ್ಲೌಟಿಯರ್ ಕೈಯಲ್ಲಿ ಎಕ್ಕ ಮತ್ತು ರಾಣಿ. ಫರ್ಗುಸನ್ ಕೈಯಲ್ಲಿ ಎಕ್ಕ ಮತ್ತು ಒಂಬತ್ತು. ಮೇಜಿನ ಮೇಲೆ ಎಲೆ ಬೀಳುವ ಮೊದಲೇ ಇಬ್ಬರದೂ ಎಲ್ಲ ಚಿಪ್ಪುಗಳು ನಡುವಿಗೆ ಬಂದವು. ಮೇಜಿನ ಮೇಲೆ ಬಿದ್ದ ಮೊದಲ ನಾಲ್ಕು ಎಲೆ: ಎರಡು, ರಾಜ, ನಾಲ್ಕು, ಮತ್ತೆ ರಾಜ. ಕ್ಲೌಟಿಯರ್ ಇನ್ನೂ ಮುಂದೆ. ಉಳಿದ 44 ಎಲೆಗಳಲ್ಲಿ ಫರ್ಗುಸನ್‌ನನ್ನು ಗೆಲ್ಲಿಸುವುದು ಮೂರೇ, ಮೂರು ಒಂಬತ್ತುಗಳು. ಇನ್ನಾರು ಎಲೆಗಳಲ್ಲಿ ಯಾವುದು ಬಂದರೂ ಪಾಟ್ ಸಮಪಾಲು. ಕೊನೆಯ ಎಲೆಯಾಗಿ ಬಿದ್ದದ್ದು ಆಟಿನ್ ಒಂಬತ್ತು. ಫರ್ಗುಸನ್ ವಿಶ್ವ ಚಾಂಪಿಯನ್ ಆದ. ಕ್ಲೌಟಿಯರ್ ಆ ಪಂದ್ಯವನ್ನು ಮುಂದೆಂದೂ ಗೆಲ್ಲಲಿಲ್ಲ.

ನೂರಕ್ಕೆ ಏಳರಷ್ಟು ಅವಕಾಶದಿಂದ ಕಿರೀಟ ತೊಟ್ಟವನು, ಆ ಏಳು ತನ್ನ ವಿರುದ್ಧವೂ ಬೀಳುತ್ತದೆ ಎಂದು ಬಲ್ಲವನು, ಮುಂದೆ ಶೇ 5ರ ನಿಯಮ ಬರೆದ. ಇದರಲ್ಲಿ ನನಗೆ ವಿರೋಧಾಭಾಸ ಕಾಣುವುದಿಲ್ಲ.

ಇನ್ನು ಲೆಕ್ಕ. ಆರು ಜನರ ನೋ-ಲಿಮಿಟ್ ಮೇಜಿನಲ್ಲಿ ನೂರು ಹ್ಯಾಂಡಿಗೆ ಐದು ಬಿಗ್ ಬ್ಲೈಂಡ್ (ಮೇಜಿನ ಎರಡು ಬ್ಲೈಂಡುಗಳಲ್ಲಿ ದೊಡ್ಡದು) ಗೆಲ್ಲುವವನು ಸಣ್ಣ ಮೇಜುಗಳಲ್ಲಿ ಚೆನ್ನಾಗಿಯೇ ಆಡುವವನು. ಆದರೆ ಅದೇ ನೂರು ಹ್ಯಾಂಡುಗಳಲ್ಲಿ ಅವನ ಏರಿಳಿತ, ಶಾಲೆಯ ಗಣಿತದಲ್ಲಿ ಮಾನಕ ವಿಚಲನೆ ಎಂದು ಕಲಿತದ್ದು, ಸುಮಾರು 90 ಬಿಗ್ ಬ್ಲೈಂಡ್ ಇರುತ್ತದೆ. ಐದು ಎಲ್ಲಿ, ತೊಂಬತ್ತು ಎಲ್ಲಿ! ಹತ್ತು ಸಾವಿರ ಹ್ಯಾಂಡ್ ಆಡಿದ ಮೇಲೆ ಅವನಿಗೆ ಸಲ್ಲಬೇಕಾದ ಲಾಭ 500 ಬಿಗ್ ಬ್ಲೈಂಡ್. ಆ ಹೊತ್ತಿಗೆ ಏರಿಳಿತ 900. ಅಂದರೆ ಇಂಥ ಒಳ್ಳೆಯ ಆಟಗಾರರು ಹತ್ತು ಜನ ಇದ್ದರೆ, ಅಷ್ಟೊಂದು ಆಡಿದ ಮೇಲೂ ಅವರಲ್ಲಿ ಹತ್ತಿರ ಹತ್ತಿರ ಮೂವರು ನಷ್ಟದಲ್ಲೇ ಇರುತ್ತಾರೆ. ಒಂದು ಲಕ್ಷ ಹ್ಯಾಂಡ್ ಮುಗಿಸಿದರೂ ನೂರರಲ್ಲಿ ನಾಲ್ಕು ಜನ ಇನ್ನೂ ಕೆಂಪು ಅಂಕಿಯಲ್ಲಿ. ಸಂಜೆ ಕೆಲಸ ಮುಗಿಸಿ ಬಂದು ಒಂದೆರಡು ಗಂಟೆ ಆಡುವವನಿಗೆ ಹತ್ತು ಸಾವಿರ ಹ್ಯಾಂಡ್ ಎಂದರೆ ವಾರಗಳ ಮಾತು. ವಾರಗಟ್ಟಲೆ ಸರಿಯಾಗಿ ಆಡಿ ಸೋಲುವುದು ಹೇಗಿರುತ್ತದೆ ಎಂದು ಆಡದವರಿಗೆ ವಿವರಿಸುವುದು ಕಷ್ಟ. ಎಕ್ಕದ ಜೋಡಿ ಹಿಡಿದು ರಾಜನ ಜೋಡಿಯ ಮುಂದೆ ಎಲ್ಲವನ್ನೂ ಕಟ್ಟಿದಾಗ ಐದು ಸಲದಲ್ಲಿ ನಾಲ್ಕು ಸಲ ಗೆಲ್ಲಬೇಕು. ಐದನೆಯದೇ ಮೂರು ಸಲ ಸಾಲಾಗಿ ಬಂದರೆ, ಸಾಫ್ಟ್‌ವೇರಿನಲ್ಲೇ ಮೋಸವಿದೆ ಎನ್ನಿಸುತ್ತದೆ, ಪಕ್ಕದ ಮೇಜಿನಲ್ಲಿ ಹತ್ತರಷ್ಟು ಕಟ್ಟಿ ಒಂದೇ ಏಟಿಗೆ ವಸೂಲಿ ಮಾಡೋಣ ಎನ್ನಿಸುತ್ತದೆ. ಪೋಕರಿನವರು ಇದಕ್ಕೆ ಟಿಲ್ಟ್ ಎನ್ನುತ್ತಾರೆ. ನಮ್ಮ ಅಜ್ಜಿಯರಾದರೆ ತಲೆಗೆ ಹೊಡೆದಿದೆ ಎನ್ನುತ್ತಿದ್ದರು.

ಬ್ಯಾಂಕ್‌ರೋಲಿನ ಶಿಸ್ತು ಇರುವುದು ಆ ವಾರಗಳನ್ನು ದಾಟಿಸುವುದಕ್ಕೆ. ತಲಾ ನೂರು ಬಿಗ್ ಬ್ಲೈಂಡಿನ ಇಪ್ಪತ್ತು ಬೈ-ಇನ್ ಇಟ್ಟುಕೊಂಡು, ಎಂದೂ ಕೆಳಗಿಳಿಯದೆ ಆಡುವವನ ಗಂಟು ಪೂರ್ತಿ ಖಾಲಿಯಾಗುವ ಸಾಧ್ಯತೆಯನ್ನು ಮೇಲಿನ ಅಂಕಿಗಳಿಂದಲೇ ಲೆಕ್ಕ ಹಾಕಬಹುದು: ನೂರಕ್ಕೆ ಎಂಟೂವರೆಯಷ್ಟು. ನಲವತ್ತು ಬೈ-ಇನ್ ಇದ್ದರೆ ಅದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಸೋತಂತೆಲ್ಲ ಕೆಳಗಿನ ಮೇಜಿಗೆ ಇಳಿಯುವ ಬುದ್ಧಿಯಿದ್ದರೆ ಚಿತ್ರ ಇನ್ನೂ ಬದಲಾಗುತ್ತದೆ. ಪ್ರತಿ ಸಲವೂ ಇರುವುದರ ಶೇ 5 ಮಾತ್ರ ಒಯ್ಯುವವನು ಇಪ್ಪತ್ತು ಸಲ ಒಂದೇ ಸಮನೆ ಸೋತರೂ ಗಂಟಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಉಳಿದಿರುತ್ತದೆ. ಮೊದಲ ದಿನದ ಮೊತ್ತವನ್ನೇ ಹಠ ಹಿಡಿದು ಕಟ್ಟಿದವನು ಅಷ್ಟರಲ್ಲಿ ಬರಿಗೈ.

ಇಲ್ಲಿಗೆ ನಿಲ್ಲಿಸಿದರೆ ಇದು ಶಿಸ್ತಿನ ಮಹಿಮೆ ಸಾರುವ ಇನ್ನೊಂದು ಬರಹವಾಗುತ್ತದೆ. ಅಂಥವು ಬೇಕಾದಷ್ಟಿವೆ. ಅವೆಲ್ಲ ಜಾಣತನದಿಂದ ಜಾರಿಸುವ ಒಂದು ಸಾಲು ಅದೇ ಲೆಕ್ಕದ ಒಳಗಿದೆ. ನೂರು ಹ್ಯಾಂಡಿಗೆ ಐದು ಗೆಲ್ಲುವ ಜಾಗದಲ್ಲಿ ಎರಡು ಗೆಲ್ಲುವವನನ್ನು ಕೂರಿಸಿ ನೋಡಿ. ಅದೇ ಇಪ್ಪತ್ತು ಬೈ-ಇನ್, ಅದೇ ಶಿಸ್ತು. ಖಾಲಿಯಾಗುವ ಸಾಧ್ಯತೆ ಎಂಟೂವರೆಯಿಂದ ಮೂವತ್ತೇಳಕ್ಕೆ ಹಾರುತ್ತದೆ. ಗೆಲುವಿನ ದರ ಸೊನ್ನೆ ಅಥವಾ ಅದಕ್ಕಿಂತ ಕೆಳಗಿದ್ದರೆ ನೂರಕ್ಕೆ ನೂರು. ಇಪ್ಪತ್ತಲ್ಲ, ಇನ್ನೂರು ಬೈ-ಇನ್ ಇಟ್ಟುಕೊಂಡರೂ ಒಂದಲ್ಲ ಒಂದು ದಿನ ತಳ ಕಾಣುವುದು ಖಚಿತ. ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ 1956ರಲ್ಲಿ ಕೊಟ್ಟ ಪ್ರಸಿದ್ಧ ಸೂತ್ರವೂ ಇದನ್ನೇ ಹೇಳುತ್ತದೆ. ಗಂಟಿನ ಎಷ್ಟು ಪಾಲು ಹೂಡಬೇಕು ಎಂಬುದು ನಿನಗಿರುವ ಅನುಕೂಲವನ್ನು ಅವಲಂಬಿಸಿದೆ. ಅನುಕೂಲ ಸೊನ್ನೆಯಾದರೆ ಹೂಡಬೇಕಾದ ಪಾಲೂ ಸೊನ್ನೆ. ಶಿಸ್ತು ಗೆಲುವನ್ನು ಹುಟ್ಟಿಸುವುದಿಲ್ಲ. ಇರುವ ಗೆಲುವು ಹೊರಬರುವ ತನಕ ಕುರ್ಚಿಯಲ್ಲಿ ಉಳಿಸುತ್ತದೆ, ಅಷ್ಟೇ. ಗೆಲುವೇ ಇಲ್ಲದವನನ್ನು ಅದು ನಿಧಾನವಾಗಿ, ಮರ್ಯಾದೆಯಿಂದ ಸೋಲಿಸುತ್ತದೆ.

ಈ ಸಾಲು ಪೋಕರಿಗಷ್ಟೇ ಸಂಬಂಧಿಸಿದ್ದಲ್ಲ. ಈಗ ಮೊಬೈಲ್ ತೆರೆದರೆ ಸಾಕು, ಷೇರು ಮಾರುಕಟ್ಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಕಲಿಸುವ ಗುರುಗಳು ಕನ್ನಡದಲ್ಲೂ ಸಾಲುಗಟ್ಟಿ ನಿಂತಿದ್ದಾರೆ. ಒಂದು ವ್ಯವಹಾರಕ್ಕೆ ಬಂಡವಾಳದ ಶೇ 2ಕ್ಕಿಂತ ಹೆಚ್ಚು ಅಪಾಯ ಬೇಡ ಎಂಬುದು ಅವರೆಲ್ಲರ ಮಂತ್ರ. ಮಂತ್ರ ಸರಿಯಾಗಿಯೇ ಇದೆ. ಆದರೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮೂರು ಹಣಕಾಸು ವರ್ಷಗಳಲ್ಲಿ ಇಂಥ ವ್ಯವಹಾರ ಮಾಡಿದ ಬಿಡಿ ಹೂಡಿಕೆದಾರರಲ್ಲಿ ಶೇ 93ರಷ್ಟು ಜನ ನಷ್ಟ ಅನುಭವಿಸಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತ್ತು. ಅವರೆಲ್ಲ ಶಿಸ್ತು ತಪ್ಪಿದವರು ಎಂದು ನಾನು ನಂಬುವುದಿಲ್ಲ.

ಸಣ್ಣ ಮೇಜುಗಳಲ್ಲಿ ಆ ಅನುಕೂಲವನ್ನು ಮೊದಲು ತಿನ್ನುವುದು ರೇಕ್. ಮೇಜು ಹಾಕಿಕೊಟ್ಟದ್ದಕ್ಕಾಗಿ ತಾಣದವರು ಪ್ರತಿ ಪಾಟ್‌ನಿಂದ ಎತ್ತಿಕೊಳ್ಳುವ ಪಾಲು ಅದು, ಸಾಮಾನ್ಯವಾಗಿ ಶೇ 5ರ ಆಸುಪಾಸು. ದೊಡ್ಡ ಮೇಜುಗಳಲ್ಲಿ ಅದಕ್ಕೊಂದು ಗರಿಷ್ಠ ಮಿತಿ ಬೇಗ ಬಂದು ನಿಲ್ಲುತ್ತದೆ. ಸಣ್ಣ ಮೇಜುಗಳಲ್ಲಿ ಪಾಟ್ ಆ ಮಿತಿಯ ಹತ್ತಿರವೂ ಹೋಗುವುದಿಲ್ಲವಾದ್ದರಿಂದ ಪೂರಾ ಪಾಲು ಕಳೆಯುತ್ತದೆ. ಹಾಗಾಗಿ ಕೆಳಗಿನ ಹಂತದಲ್ಲಿ ಎದುರಾಳಿಗಳು ದಡ್ಡರಾದರೂ ಗೆಲ್ಲುವುದು ಸುಲಭವಲ್ಲ. ಐವರ ಜೊತೆಗೆ ಆರನೆಯವನೊಬ್ಬ ಎಲೆಯೇ ಹಿಡಿಯದೆ ಪ್ರತಿ ಸಲವೂ ಗೆಲ್ಲುತ್ತಿರುತ್ತಾನೆ.

ಇಷ್ಟೆಲ್ಲ ದಾಟಿಯೂ ನೂರು ಹ್ಯಾಂಡಿಗೆ ಐದು ಬಿಗ್ ಬ್ಲೈಂಡ್ ಉಳಿಸಿಕೊಂಡವನಿಗೆ ಒಂದು–ಎರಡು ರೂಪಾಯಿಯ ಮೇಜಿನಲ್ಲಿ ಸಿಗುತ್ತಿದ್ದದ್ದು ಹತ್ತು ರೂಪಾಯಿ. ನಾಲ್ಕು ಮೇಜು ಒಟ್ಟಿಗೆ ತೆರೆದುಕೊಂಡರೆ ಗಂಟೆಗೆ ಮುನ್ನೂರು ಹ್ಯಾಂಡ್ ಆಗಬಹುದಿತ್ತು. ಗಂಟೆಗೆ ಮೂವತ್ತು ರೂಪಾಯಿ. ಬೆಂಗಳೂರಿನ ದರ್ಶಿನಿಯಲ್ಲಿ ನಿಂತು ಕುಡಿಯುವ ಒಂದೆರಡು ಲೋಟ ಕಾಫಿಗೆ ಸರಿಹೋಯಿತು. ‘ಸಣ್ಣದರಿಂದ ಬ್ಯಾಂಕ್‌ರೋಲ್ ಕಟ್ಟಿದ’ ಎಂಬ ಮಾತಿನ ಹಿಂದೆ ಇರುವ ಗಂಟೆಗಳ ಬೆಲೆ ಇದು. ಫರ್ಗುಸನ್‌ನ ಹತ್ತು ಸಾವಿರ ಡಾಲರನ್ನು ಅವನು ಕೂತ ಗಂಟೆಗಳಿಂದ ಭಾಗಿಸಿದರೆ ಬರುವ ಕೂಲಿಯೂ ಹೊಗಳುವಂತಿರಲಾರದು. ಅವನಿಗೆ ಬೇಕಿದ್ದದ್ದು ಕೂಲಿಯಲ್ಲ, ನಿಯಮಗಳು ಕೆಲಸ ಮಾಡುತ್ತವೆಂದು ತೋರಿಸುವುದು.

ಆಮೇಲೆ ತೆರಿಗೆ. 2023ರ ಏಪ್ರಿಲ್‌ನಿಂದ ನಮ್ಮಲ್ಲಿ ಆನ್‌ಲೈನ್ ಆಟಗಳ ನಿವ್ವಳ ಗೆಲುವಿನ ಮೇಲೆ ಶೇ 30 ತೆರಿಗೆಯನ್ನು ಮೂಲದಲ್ಲೇ ಕಡಿತ ಮಾಡುವ ಪದ್ಧತಿ ಬಂತು. ಒಂದು ವರ್ಷದ ನಷ್ಟವನ್ನು ಇನ್ನೊಂದು ವರ್ಷದ ಲಾಭಕ್ಕೆ ವಜಾ ಮಾಡಿಕೊಳ್ಳುವಂತಿಲ್ಲ. ಏರಿಳಿತವೇ ಪ್ರಾಣವಾಗಿರುವ ಆಟಕ್ಕೆ ಇದು ಏನು ಮಾಡುತ್ತದೆ ನೋಡಿ. ಈ ವರ್ಷ ನೂರು ಗೆದ್ದೆ, ಮುಂದಿನ ವರ್ಷ ಎಂಬತ್ತು ಸೋತೆ ಎಂದಿಟ್ಟುಕೊಳ್ಳಿ. ಎರಡು ವರ್ಷಕ್ಕೆ ಇಪ್ಪತ್ತು ಗೆದ್ದ ಆಟಗಾರ ನೀನು. ತೆರಿಗೆ ಮೂವತ್ತು. ಹತ್ತು ಕೈಯಿಂದ ಹೋಯಿತು. ಅದೇ ವರ್ಷದ ಅಕ್ಟೋಬರ್‌ನಿಂದ ಖಾತೆಗೆ ಹಾಕುವ ಪೂರ್ತಿ ಮೊತ್ತದ ಮೇಲೆ ಶೇ 28 ಜಿಎಸ್‌ಟಿಯೂ ಸೇರಿತು; ಹಲವು ತಾಣಗಳು ಅದನ್ನು ಬೋನಸ್ ರೂಪದಲ್ಲಿ ತುಂಬಿಕೊಟ್ಟು ಗಿರಾಕಿಗಳನ್ನು ಹಿಡಿದಿಟ್ಟವು. ಮಾರ್ಚ್ 31ರಂದು ಗಂಟು ಯಾವ ಎತ್ತರದಲ್ಲಿರುತ್ತದೆ ಎಂಬುದರ ಮೇಲೆ ಯಾವ ಶಿಸ್ತಿಗೂ ಹಿಡಿತವಿಲ್ಲ.

ಜನ ನೆನಪಿಟ್ಟುಕೊಳ್ಳುವುದು ಮಾತ್ರ ಬೇರೆ ಬಗೆಯ ಕಥೆಗಳನ್ನು. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಿಗ 86 ಡಾಲರಿನ ಆನ್‌ಲೈನ್ ಅರ್ಹತಾ ಪಂದ್ಯದಿಂದ ಹತ್ತಿ ಮುಖ್ಯ ಪಂದ್ಯದಲ್ಲಿ 25 ಲಕ್ಷ ಡಾಲರ್ ಗೆದ್ದ. ಜಗತ್ತಿನ ಅರ್ಧ ಯುವಕರು ಆ ಒಂದು ಸುದ್ದಿಯಿಂದ ಪೋಕರಿಗೆ ಬಂದರು. ನಾರ್ವೆಯ ಆನೆಟ್ ಒಬ್ರೆಸ್ಟಾದ್ ಫ್ರೀರೋಲಿನಿಂದಲೇ ಗಂಟು ಬೆಳೆಸಿ, 2007ರಲ್ಲಿ, ಹತ್ತೊಂಬತ್ತು ತುಂಬುವುದಕ್ಕೆ ಒಂದು ದಿನ ಮೊದಲು, ಲಂಡನ್ನಿನಲ್ಲಿ ಹತ್ತು ಲಕ್ಷ ಪೌಂಡ್ ಎತ್ತಿದಳು. ಸ್ವೀಡನ್ನಿನ ವಿಕ್ಟರ್ ಬ್ಲೋಮ್ 2009ರ ಡಿಸೆಂಬರ್‌ನಲ್ಲಿ ಒಬ್ಬನೇ ಎದುರಾಳಿಯ ಮುಂದೆ ಒಂದೇ ಬೈಠಕ್ಕಿನಲ್ಲಿ ಸುಮಾರು 42 ಲಕ್ಷ ಡಾಲರ್ ಕಳೆದ. ಸ್ಟೂ ಉಂಗರ್ 1980, 1981 ಮತ್ತು 1997ರಲ್ಲಿ ಮುಖ್ಯ ಪಂದ್ಯ ಗೆದ್ದು, 1998ರಲ್ಲಿ ಲಾಸ್ ವೇಗಸ್ಸಿನ ಅಗ್ಗದ ಮೋಟೆಲ್ ಕೋಣೆಯೊಂದರಲ್ಲಿ ಸತ್ತ. ಆಟದಲ್ಲಿ ಇವನಷ್ಟು ಪ್ರತಿಭೆ ಇದ್ದವರು ವಿರಳ ಎನ್ನುವವರೇ ಹೆಚ್ಚು. ಪ್ರತಿಭೆಯಿದ್ದೂ ಶಿಸ್ತಿಲ್ಲದಿದ್ದರೆ ಏನಾಗುತ್ತದೆ ಎಂದು ಕೇಳುವವರಿಗೆ ಈ ಹೆಸರು ಸಾಕು.

ಆದರೆ ಈ ಎಲ್ಲ ಕಥೆಗಳಿಗಿಂತ ಫರ್ಗುಸನ್‌ನ ಕಥೆಯ ಎರಡನೇ ಭಾಗ ನನ್ನನ್ನು ಹೆಚ್ಚು ಕಾಡಿದೆ. ಅವನು ಸೊನ್ನೆಯಿಂದ ಹತ್ತು ಸಾವಿರ ಮಾಡಿ ತೋರಿಸಿದ ತಾಣದ ಹೆಸರು ಫುಲ್ ಟಿಲ್ಟ್ ಪೋಕರ್. ಅವನು ಅಲ್ಲಿ ಬರೀ ಆಟಗಾರನಲ್ಲ. ಅದರ ಮಾಲೀಕರಲ್ಲಿ ಒಬ್ಬ, ಆಡಳಿತ ಮಂಡಳಿಯ ಸದಸ್ಯ. 2011ರ ಏಪ್ರಿಲ್ 15ರಂದು ಅಮೆರಿಕದ ನ್ಯಾಯ ಇಲಾಖೆ ಪೋಕರ್‌ಸ್ಟಾರ್ಸ್, ಫುಲ್ ಟಿಲ್ಟ್ ಮತ್ತು ಆಬ್ಸಲ್ಯೂಟ್ ಪೋಕರ್ ಮೇಲೆ ಎರಗಿತು. ಪೋಕರ್‌ಸ್ಟಾರ್ಸ್ ಆಟಗಾರರ ದುಡ್ಡನ್ನು ಬೇರೆಯೇ ಖಾತೆಯಲ್ಲಿಟ್ಟಿತ್ತು. ಅಮೆರಿಕದ ಗಿರಾಕಿಗಳಿಗೆ ಕೆಲವೇ ವಾರಗಳಲ್ಲಿ ಹಿಂತಿರುಗಿಸಿತು. ಫುಲ್ ಟಿಲ್ಟ್ ಕೊಡಲಿಲ್ಲ. ಕೊಡಲು ಇರಲೇ ಇಲ್ಲ. ಇಲಾಖೆಯ ಲೆಕ್ಕದಂತೆ 2011ರ ಮಾರ್ಚ್ ಕೊನೆಗೆ ಜಗತ್ತಿನಾದ್ಯಂತ ಆಟಗಾರರಿಗೆ ಸಲ್ಲಬೇಕಾದದ್ದು ಸುಮಾರು 39 ಕೋಟಿ ಡಾಲರ್, ಬ್ಯಾಂಕಿನಲ್ಲಿದ್ದದ್ದು ಸುಮಾರು 6 ಕೋಟಿ. ಅದೇ ಅವಧಿಗೆ ಮುಂಚಿನ ನಾಲ್ಕು ವರ್ಷಗಳಲ್ಲಿ ಮಂಡಳಿಯವರಿಗೂ ಮಾಲೀಕರಿಗೂ 44 ಕೋಟಿ ಡಾಲರಿನಷ್ಟು ಹಂಚಿಕೆಯಾಗಿತ್ತು ಎಂಬುದು ಆರೋಪ. ಸೆಪ್ಟೆಂಬರ್‌ನಲ್ಲಿ ತಿದ್ದಿದ ದೂರಿನಲ್ಲಿ ಫರ್ಗುಸನ್‌ನ ಹೆಸರೂ ಇತ್ತು. ಸರ್ಕಾರಿ ವಕೀಲರು ಇಡೀ ಸಂಸ್ಥೆಯನ್ನು ಪೊಂಜಿ ಯೋಜನೆ, ಅಂದರೆ ಒಬ್ಬರ ದುಡ್ಡನ್ನು ಇನ್ನೊಬ್ಬರಿಗೆ ಕೊಟ್ಟು ನಡೆಸುವ ಮೋಸ, ಎಂದು ಕರೆದರು. ಅವನು 2013ರಲ್ಲಿ ತಪ್ಪೊಪ್ಪಿಗೆಯಿಲ್ಲದೆ ರಾಜಿ ಮಾಡಿಕೊಂಡ. 2012ರಲ್ಲಿ ಪೋಕರ್‌ಸ್ಟಾರ್ಸ್ 73.1 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡು ಫುಲ್ ಟಿಲ್ಟನ್ನು ತನ್ನದಾಗಿಸಿಕೊಂಡಿತು. ಅಮೆರಿಕದ ಆಟಗಾರರಿಗೆ ದುಡ್ಡು ವಾಪಸು ಬರಲು ಶುರುವಾದದ್ದು 2014ರಲ್ಲಿ.

ಒಂದು ಕ್ಷಣ ಆ ಆಟಗಾರರ ಜಾಗದಲ್ಲಿ ಕೂತು ನೋಡಿ. ಅವರಲ್ಲಿ ಎಷ್ಟೋ ಜನ ಫರ್ಗುಸನ್‌ನ ನಿಯಮಗಳನ್ನು ಓದಿ, ಅಕ್ಷರಶಃ ಪಾಲಿಸಿ, ಎರಡು ಡಾಲರನ್ನು ಇನ್ನೂರು ಮಾಡಿದವರು, ಇನ್ನೂರನ್ನು ಎರಡು ಸಾವಿರ ಮಾಡಿದವರು. ಒಂದು ಮೇಜಿಗೆ ಶೇ 5 ದಾಟಿಸಿದವರಲ್ಲ. ಆದರೆ ಗಂಟು ಪೂರ್ತಿಯಾಗಿ, ನೂರಕ್ಕೆ ನೂರು, ಒಂದೇ ಕಂಪನಿಯ ಕೈಯಲ್ಲಿತ್ತು. ಆ ಕಂಪನಿ ಆಟಗಾರರ ದುಡ್ಡು ಬೇರೆ, ತನ್ನ ದುಡ್ಡು ಬೇರೆ ಎಂಬ ಮೊದಲ ಪಾಠವನ್ನೇ ಪಾಲಿಸಿರಲಿಲ್ಲ. ಫರ್ಗುಸನ್ 2016ರಲ್ಲಿ ವರ್ಲ್ಡ್ ಸೀರೀಸ್‌ಗೆ ಮರಳಿದ, 2017ರಲ್ಲಿ ಅಲ್ಲಿ ವರ್ಷದ ಆಟಗಾರನಾದ, 2018ರಲ್ಲಿ ಒಂದು ಚಿಕ್ಕ ವಿಡಿಯೊದಲ್ಲಿ ಕ್ಷಮೆ ಕೇಳಿದ. ಬಹಳ ಜನಕ್ಕೆ ಅದು ರುಚಿಸಲಿಲ್ಲ. ನನಗೂ ಇಲ್ಲ. ಆದರೂ ಅವನ ನಿಯಮಗಳಲ್ಲಿ ದೋಷವಿದೆ ಎಂದು ಇವತ್ತಿಗೂ ಹೇಳಲಾರೆ. ಅವು ಮೇಜಿನ ಮೇಲಿನ ದುಡ್ಡಿಗೆ ಸರಿಯಾಗಿಯೇ ಇವೆ. ಮೇಜನ್ನು ಹಾಕಿದವನ ಬಗ್ಗೆ ಅವು ಏನನ್ನೂ ಹೇಳುವುದಿಲ್ಲ.

ಇನ್ನೊಂದು ಮಾತನ್ನೂ ಅವು ಹೇಳುವುದಿಲ್ಲ: ಗಂಟಿಗೆ ಬಂದು ಸೇರುವ ದುಡ್ಡು ಯಾರದು? ರಾತ್ರಿ ಒಂದೂವರೆಯ ಮೇಜೊಂದು ನೆನಪಿದೆ. ನನ್ನ ಎಡಕ್ಕೆ ಕೂತವನು ಎಂಬತ್ತು ರೂಪಾಯಿ ತಂದಿದ್ದ, ಆ ಮೇಜಿಗೆ ತರಬಹುದಾದ ಕನಿಷ್ಠ ಮೊತ್ತ. ಮೂರನೇ ಹ್ಯಾಂಡಿಗೆ ಹತ್ತು–ಏಳು ಹಿಡಿದು ಆಲ್-ಇನ್ ಮಾಡಿದ, ಇದ್ದದ್ದನ್ನೆಲ್ಲ ಕಟ್ಟಿದ, ಸೋತ. ಕುರ್ಚಿ ಒಂದು ನಿಮಿಷ ಖಾಲಿಯಿತ್ತು, ಯುಪಿಐನಲ್ಲಿ ದುಡ್ಡು ಹಾಕಲು ಬೇಕಾದಷ್ಟೇ ಹೊತ್ತು. ಮತ್ತೆ ಎಂಬತ್ತು. ಅದೂ ಹೋಯಿತು. ಮತ್ತೆ ಒಂದು ನಿಮಿಷ, ಮತ್ತೆ ಎಂಬತ್ತು. ಈ ಸಲ ನನ್ನ ಕೈಯಲ್ಲಿ ರಾಜನ ಜೋಡಿ. ಅವನು ಎಲ್ಲವನ್ನೂ ತಳ್ಳಿದ, ನಾನು ಅಷ್ಟೇ ಕಟ್ಟಿ ಕಾಲ್ ಮಾಡಿದೆ, ಗೆದ್ದೆ. ಆಮೇಲೆ ಅವನು ಬರಲಿಲ್ಲ. ನನ್ನ ಹಾಳೆಯಲ್ಲಿ ಆ ರಾತ್ರಿಯ ಅಂಕಿ ಹಸಿರು. ಸಣ್ಣ ಮೇಜುಗಳಲ್ಲಿ ಶಿಸ್ತುಗಾರನ ಗಂಟು ಬೆಳೆಯುವುದು ಇಂಥ ಎಂಬತ್ತುಗಳಿಂದ. ಎದುರಿಗಿರುವವನಿಗೆ ಅದು ಒಂದು ಸಂಜೆಯ ಮೋಜಿನ ಖರ್ಚೋ, ತಿಂಗಳ ಕೊನೆಯ ಎಂಬತ್ತೋ ಪರದೆಯ ಮೇಲೆ ಕಾಣುವುದಿಲ್ಲ. ಆನ್‌ಲೈನ್ ಆಟದಲ್ಲಿ ಹಣ ಕಳೆದುಕೊಂಡು ಜೀವ ತೆಗೆದುಕೊಂಡವರ ಸುದ್ದಿಯನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ.

ಕರ್ನಾಟಕದಲ್ಲಿ ಈ ಆಟದ ಕಾನೂನು ಹಲವು ಸಲ ಮಗ್ಗುಲು ಬದಲಿಸಿದೆ. ಕೌಶಲದ ಆಟವಾಗಿ ಪೋಕರ್ ನಡೆಸಲು ಪರವಾನಗಿ ಬೇಕಿಲ್ಲವೆಂದು 2013ರಲ್ಲಿ ಹೈಕೋರ್ಟ್ ಹೇಳಿದ ಮೇಲೆ ಬೆಂಗಳೂರಿನಲ್ಲಿ ಪೋಕರ್ ಕ್ಲಬ್ಬುಗಳು ತಲೆಯೆತ್ತಿದವು. 2021ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. ಆಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾಯ್ದೆ ಮಾಡಿತು. ಲೋಕಸಭೆ 20ರಂದು, ರಾಜ್ಯಸಭೆ 21ರಂದು, ರಾಷ್ಟ್ರಪತಿಯ ಅಂಕಿತ 22ರಂದು. ಕೌಶಲವೋ ಅದೃಷ್ಟವೋ ಎಂಬ ಹಳೆಯ ವಾದಕ್ಕೆ ಅದು ಕೈಯನ್ನೇ ಹಾಕಲಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡುವವನಿಗೆ ಶಿಕ್ಷೆಯಿಲ್ಲ. ದೇಶದ ದೊಡ್ಡ ತಾಣಗಳು ಕೆಲವೇ ದಿನಗಳಲ್ಲಿ ಹಣದ ಮೇಜುಗಳನ್ನು ಮುಚ್ಚಿದವು. ನನ್ನ ಖಾತೆಯಲ್ಲಿದ್ದದ್ದು ಬ್ಯಾಂಕಿಗೆ ಬಂತು. ಮೂರೇ ದಿನದಲ್ಲಿ ಚರ್ಚೆಯಿಲ್ಲದೆ ಕಾನೂನು ಮಾಡುವ ರೀತಿ ನನಗೆ ಹಿಡಿಸಲಿಲ್ಲ. ಮೇಜು ಮುಚ್ಚಿದ್ದಕ್ಕೆ ದುಃಖವಾಯಿತೇ ಎಂದು ಕೇಳಿದರೆ, ಅಷ್ಟೇನೂ ಇಲ್ಲ.

ಕಳೆದ ತಿಂಗಳು ನಮ್ಮ ಬೀದಿಯ ಹುಡುಗನೊಬ್ಬ, ಎಂಜಿನಿಯರಿಂಗ್ ಕೊನೆಯ ವರ್ಷ, ಮೊಬೈಲ್ ಹಿಡಿದು ಬಂದ. ಇರುವ ಜಾಗ ಮರೆಮಾಚುವ ವಿಪಿಎನ್ ಹಾಕಿಕೊಂಡು ವಿದೇಶದ ತಾಣವೊಂದರಲ್ಲಿ ಆಡಬಹುದಂತೆ, ದುಡ್ಡನ್ನು ಕ್ರಿಪ್ಟೊದಲ್ಲಿ ಹಾಕಬೇಕಂತೆ. ಫರ್ಗುಸನ್‌ನ ಮೂರೂ ನಿಯಮ ಅವನಿಗೆ ಬಾಯಿಪಾಠ.

“ಅಣ್ಣ, ಶೇಕಡಾ ಐದು ದಾಟುವುದೇ ಇಲ್ಲ” ಎಂದ.

ಅವರು ದುಡ್ಡು ಹಿಂದಿರುಗಿಸದಿದ್ದರೆ ಯಾರ ಬಾಗಿಲು ತಟ್ಟುತ್ತೀಯ ಎಂದು ಕೇಳಿದೆ. ಹಾಕುತ್ತಿರುವುದು ಆರು ಸಾವಿರ ಮಾತ್ರ ಎಂದ. ನಿನ್ನ ಹತ್ತಿರ ಒಟ್ಟು ಇರುವುದೆಷ್ಟು ಎಂದೆ.

“ಆರು ಸಾವಿರ” ಎಂದ.